ಅಕ್ಕನ ಪೇಟಿಯ ರೀಡು ಶಿಗ್ಗಾಂವಿಯವರೆಗೆ ಬಂದದ್ದು

ವಸ್ತುವಿನ ನಿಜವಾದ ಬೆಲೆ ಅದನ್ನು ಕಳೆದುಕೊಂಡ ಮೇಲೆಯೇ ಮನುಷ್ಯನಿಗೆ ತಿಳಿಯುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರು ಸಂತೆಯಲ್ಲಿ ಕೊಂಡದ್ದನ್ನು ತಮ್ಮ ತಲೆಯ ಮೇಲೆಯೇ ಹೊತ್ತು ತರುತ್ತಿದ್ದವರು. ಸಾಗಾಟದ ಖರ್ಚು ಎಂಬುದೊಂದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬೆಲೆ ತಿಳಿಯುವುದಕ್ಕೆ ವಸ್ತುವನ್ನು ಕಳೆದುಕೊಳ್ಳುವವರೆಗೆ ಕಾಯಬೇಕಾಗಿಲ್ಲ. ತರಿಸಿಕೊಳ್ಳಲು ಹೋದರೆ ಸಾಕು.

ನಾನು ಹಾನಗಲ್ಲಿನವನು. ಅಕ್ಕನನ್ನು ಸವಣೂರಿಗೆ ಕೊಟ್ಟಿದೆ. ಅವಳ ಓಣಿಯಲ್ಲಿ ಒಂದು ಬಸವಣ್ಣನ ಗುಡಿ. ಶ್ರಾವಣ ಮಾಸದ ಸೋಮವಾರಗಳ ಸಂಜೆ ಅಲ್ಲಿ ಭಜನೆ ನಡೆಯುತ್ತದೆ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತ ಹಾಡು ಎತ್ತಿಕೊಡುವವಳು ಅಕ್ಕ. ಪೇಟಿ ನಮ್ಮ ಅಪ್ಪ ಕೊಂಡದ್ದು. ನಾಟಕದ ಕಂಪನಿಯೊಂದು ಹಾನಗಲ್ಲಿಗೆ ಬಂದು, ಮಳೆ ಹಿಡಿದು, ನೋಡುವವರಿಲ್ಲದೆ ಅಲ್ಲಿಯೇ ಬರ್ಖಾಸ್ತಾದಾಗ ರಾಜನ ಕಿರೀಟ, ರಾಕ್ಷಸನ ಗದೆ, ಪೇಟಿ ಮೂರನ್ನೂ ಮಾರಾಟಕ್ಕಿಟ್ಟಿದ್ದರಂತೆ. ಅಪ್ಪ ಕಿರೀಟವನ್ನು ಬಹಳ ಹೊತ್ತು ತಿರುಗಿಸಿ ನೋಡಿ ಕೊನೆಗೆ ಪೇಟಿ ತಂದ. ಅಕ್ಕ ಲಗ್ನವಾಗಿ ಹೋಗುವಾಗ ಅದೂ ಅವಳ ಜೊತೆ ಹೋಯಿತು.

ಅಕ್ಕನಿಗೆ ಈ ಲೋಕದಲ್ಲಿ ಹೆಚ್ಚಿನ ಅಧಿಕಾರಗಳೇನೂ ಇಲ್ಲ. ಮನೆಯಲ್ಲಿ ಸೊಸೆಯಂದಿರ ಮಾತು ನಡೆಯುತ್ತದೆ, ಹೊಲದಲ್ಲಿ ಮಕ್ಕಳ ಮಾತು ನಡೆಯುತ್ತದೆ, ಟಿವಿಯ ಮುಂದೆ ಮೊಮ್ಮಕ್ಕಳ ಮಾತು ನಡೆಯುತ್ತದೆ. ಅವಳ ಮಾತು ನಡೆಯುವುದು ವರ್ಷದಲ್ಲಿ ಆ ನಾಲ್ಕು ಸೋಮವಾರ, ಗುಡಿಯ ಎಡಗಡೆಯ ಕಂಬದ ಬುಡದಲ್ಲಿ ಮಾತ್ರ. ಅಲ್ಲಿ ಕುಳಿತು ಅವಳು ಪೇಟಿಯ ಮೇಲೆ ಕೈಯಿಟ್ಟಳೆಂದರೆ ಓಣಿಯ ಗಂಡಸರು ಕೆಮ್ಮುವುದನ್ನೂ ಮುಂದಕ್ಕೆ ಹಾಕುತ್ತಿದ್ದರು.

ಹೋದ ವರ್ಷದ ಶ್ರಾವಣದಲ್ಲಿ ಆ ಪೇಟಿಯ ನಡುಭಾಗದ ಮೂರು ರೀಡುಗಳು ಸತ್ತವು. ರೀಡು ಎಂದರೆ ಒಳಗಿರುವ ಹಿತ್ತಾಳೆಯ ಸಣ್ಣ ನಾಲಿಗೆ. ಗಾಳಿ ತಾಗಿದಾಗ ನುಡಿಯುವುದು ಅದೇ. ಆ ಮೂರು ಸ್ವರದ ಮನೆಗಳ ಮೇಲೆ ಬೆರಳಿಟ್ಟರೆ ಬರೀ ಉಸ್ ಎಂಬ ಸದ್ದು. ಅಕ್ಕ ಎದೆಗುಂದಲಿಲ್ಲ. ಪೇಟಿ ಸುಮ್ಮನಾದಲ್ಲಿ ಆ ಸ್ವರವನ್ನು ತಾನೇ ಗಂಟಲಿನಿಂದ ತುಂಬಿಕೊಡುತ್ತ ಹಾಡಿದಳು. ಹಾಡಿನ ಮಾತನ್ನು ಹಾಡಬೇಕು, ಪೇಟಿಯ ಸ್ವರವನ್ನೂ ಹಾಡಬೇಕು. ಉಸಿರು ಎಲ್ಲಿಂದ ತರಬೇಕು? ನಾಲ್ಕನೆಯ ಸೋಮವಾರದ ಹೊತ್ತಿಗೆ ಹಿಂದೆ ಕುಳಿತವರು ತಮ್ಮ ತಮ್ಮಲ್ಲೇ ಮಾತಾಡತೊಡಗಿದ್ದರು.

ಗುಡಿಯ ಕಮಿಟಿಯ ಹಿರಿಯರೊಬ್ಬರು ಮಂಗಳಾರತಿ ಮುಗಿದ ಮೇಲೆ ಬಹಳ ಗೌರವದಿಂದಲೇ ಹೇಳಿದರಂತೆ: "ಅಕ್ಕಾರ, ಮುಂದಿನ ಶ್ರಾವಣದಾಗ ಪೇಟಿ ಸರಿ ಇದ್ರ ನಿಮ್ಮದ ಭಜನಿ. ಇಲ್ಲಂದ್ರ ನೋಡ್ರಿ, ಭಕ್ತರೊಬ್ರು ಸ್ಪೀಕರ್ ಕೊಡ್ತೇನಿ ಅಂತ ನಿಂತಾರ. ಬ್ಯಾಡ ಅನ್ನಾಕ ಬರಂಗಿಲ್ಲ."

ದೇಣಿಗೆ ಬೇಡವೆನ್ನುವ ಗುಡಿ ಇನ್ನೂ ಕಟ್ಟಿಸಲ್ಪಟ್ಟಿಲ್ಲ. ಹೀಗಾಗಿ ಪೇಟಿ ನನ್ನ ಪಾಲಿಗೆ ಬಂತು.

ಪೇಟಿ ರಿಪೇರಿಯವನು ಹಿರೇಕೆರೂರಿನಲ್ಲಿದ್ದಾನೆ ಎಂದು ಯಾರೋ ಹೇಳಿದರು. ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಗೋವಿನಜೋಳದ ಚೀಲಗಳ ಗೋದಾಮಿನ ಪಕ್ಕದಲ್ಲಿ ಅವನ ಅಂಗಡಿ. ಮುಖ್ಯ ಕಸುಬು ಮಿಕ್ಸರು, ಫ್ಯಾನು. ಅವನು ಪೇಟಿಯ ಮುಚ್ಚಳ ತೆಗೆದು, ಒಳಗೆ ಊದಿ, ಎದ್ದ ಧೂಳಿನಿಂದ ಇಬ್ಬರೂ ಸೀನಿಯಾದ ಮೇಲೆ, ತೀರ್ಪು ಕೊಟ್ಟ.

"ಹೊಸಾ ರೀಡು ಇದಕ್ಕ ಕೂಡಂಗಿಲ್ರಿ ಯಜಮಾನ್ರ. ಕೂಡಿಸಿದೆ ಅಂದ್ರೂ ಮುದುಕರ ಬಾಯಾಗ ಸಣ್ಣ ಹುಡುಗರ ಹಲ್ಲು ಇಟ್ಟಂಗ ಆಗ್ತೈತಿ. ಇಂಥಾದ್ದ ಹಳೇದು ತರ್ರಿ."

"ಎಲ್ಲಿ ಸಿಗತಾವಪಾ?"

"ಅದು ಗೊತ್ತಿದ್ರ ನಾನ್ಯಾಕ ಮಿಕ್ಸರ್ ರಿಪೇರಿ ಮಾಡ್ತಿದ್ನಿರಿ?"

ಪೇಟಿಯನ್ನು ಹಾಗೆಯೇ, ಬಾಯಿ ತೆರೆದ ಸ್ಥಿತಿಯಲ್ಲಿ, ಅವನ ಅಂಗಡಿಯಲ್ಲಿ ಬಿಟ್ಟು ಬಂದೆ.

ರೀಡು ಹುಡುಕಿಕೊಟ್ಟವಳು ನನ್ನ ಸೊಸೆ. ನಮ್ಮದು ಕಿರಾಣಿ ಅಂಗಡಿ. ನಾನು ತಕ್ಕಡಿ ಹಿಡಿದು ಕೂತ ಗಲ್ಲೆಯ ಮೇಲೆ ಈಗ ಮಗ ಕೂಡುತ್ತಾನೆ, ಅಂಗಡಿಯನ್ನು ನಿಜವಾಗಿ ನಡೆಸುವವಳು ಫೋನಿನ ಮೇಲೆ ಸೊಸೆ. ಕಾರಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಫೋನನ್ನು ನನ್ನ ಮೂಗಿನ ಬಳಿ ಹಿಡಿದಳು. ಹಳೆಯ ವಸ್ತುಗಳನ್ನು ಸವಾಲು ಹಾಕುವ, ಅಂದರೆ ಹರಾಜಿಗಿಡುವ, ಜಾಗ ಅದು. ಅದರಲ್ಲಿ, ಹಿಂದೆ ಬೇರೆ ಯಾವುದೋ ಪೇಟಿಯ ಹೊಟ್ಟೆಯಲ್ಲಿದ್ದ ಹಳೆಯ ರೀಡುಗಳು ಕೂತಿದ್ದ ಒಂದು ಸಣ್ಣ ಪಟ್ಟಿ. ಹಿರೇಕೆರೂರಿನವನಿಗೆ ಚಿತ್ರ ಕಳಿಸಿದೆವು. "ಇವ ನೋಡ್ರಿ!" ಎಂದು ಅವನು ಫೋನಿನಲ್ಲಿ ಕೂಗಿದ್ದು ಅಂಗಡಿಗೆ ಬಂದ ಗಿರಾಕಿಗೂ ಕೇಳಿಸಿತು.

ಇಲ್ಲಿ ನಮ್ಮ ಕಡೆಯ ಸವಾಲಿನ ಪದ್ಧತಿಯನ್ನು ಹೇಳಬೇಕು. ಯಾಕೆಂದರೆ ನಾನು ಮುಳುಗಿದ್ದು ಅದರಲ್ಲಿಯೇ. ನಮ್ಮ ಗುಡಿಗಳಲ್ಲಿ ಹಬ್ಬವಾದ ಮೇಲೆ ದೇವರಿಗೆ ಏರಿಸಿದ ಕಾಯಿ, ಬಾಳೆಗೊನೆ, ಸೀರೆಗಳನ್ನು ಸವಾಲು ಹಾಕುತ್ತಾರೆ. ಮೂರು ಸಲ ಕೂಗಿ ಮುಗಿಯಿತೆಂದರೆ ಮುಗಿಯಿತು. ಆಮೇಲೆ ಯಾರೂ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ, ಕಡಿಮೆ ಕೊಡುವಂತಿಲ್ಲ. ಗೆದ್ದವನು ಕೈಬೀಸಿಕೊಂಡು ಮನೆಗೆ ಹೋಗುತ್ತಾನೆ. ವಸ್ತುವನ್ನು ಗುಡಿಯವರೇ ಹಲಗೆ ಬಾರಿಸಿಕೊಂಡು ಅವನ ಹೊಸ್ತಿಲಿಗೆ ಮುಟ್ಟಿಸುತ್ತಾರೆ. ಗೆದ್ದವನು ತಾನೇ ಬಗಲಲ್ಲಿ ಇಟ್ಟುಕೊಂಡು ಹೋದರೆ ಗುಡಿಯ ಮರ್ಯಾದೆ ಹೋದಂತೆ. ತಂದವರಿಗೆ ಚಹಾ, ಎಲೆ ಅಡಿಕೆ. ಒಂದು ವರ್ಷ ನಾನು ಒಂದೇ ಒಂದು ಲಿಂಬೆಹಣ್ಣು ಹಿಡಿದಿದ್ದೆ. ಅದನ್ನೂ ತಾಟಿನಲ್ಲಿಟ್ಟು ಬಾರಿಸಿಕೊಂಡೇ ತಂದಿದ್ದರು.

ಫೋನಿನ ಸವಾಲಿನಲ್ಲಿ ಕೂಗುವವನಿಲ್ಲ. ಎದುರಾಳಿಯ ಮುಖವೂ ಕಾಣದು. ಅವನ ಹೆಸರಿನ ಜಾಗದಲ್ಲಿ ಒಂದು ಅಕ್ಷರ, ನಾಲ್ಕು ಚುಕ್ಕೆ. ಆ ಚುಕ್ಕೆಗಳು ಎರಡು ಸಲ ಏರಿಸಿ ಸುಮ್ಮನಾದವು. ರೀಡು ನನಗೆ ಒಂದು ಪ್ಲೇಟು ಗಿರ್ಮಿಟ್ಟು, ಎರಡು ಮಿರ್ಚಿಯ ಬೆಲೆಗೆ ದಕ್ಕಿತು. ನಾನು ಅಕ್ಕನಿಗೆ ಫೋನು ಮಾಡಿ ಸವಾಲು ನಮಗಾಯಿತು ಎಂದೆ. "ಬಸವಣ್ಣ ದೊಡ್ಡಾವ" ಎಂದಳು. ನಾನು ಕಟ್ಟೆಯ ಮೇಲೆ ಕೂತು ಕಾಯತೊಡಗಿದೆ. ಮನೆಯಲ್ಲಿ ಎಲೆ ಅಡಿಕೆ ಇರಲಿ ಎಂದೂ ಹೇಳಿದ್ದೆ.

ಒಂದು ವಾರವಾಯಿತು. ಸೊಸೆ ಬಂದು ಎದುರಿಗೆ ನಿಂತಳು.

"ಮಾವಾರ, ಹಲಗಿ ಬಾರಸ್ಕೋತ ಬರ್ತಾರಂತ ಕುಂತೀರೇನು?"

"ಹಲಗಿ ಬ್ಯಾಡ ಬಿಡವಾ. ಮಾಲು ಬಂದ್ರ ಸಾಕು."

"ಸಾಗಾಟದ ರೊಕ್ಕ ಕಟ್ಟಿದ ಮ್ಯಾಲ ಕಳಸ್ತಾರಂತ. ನೋಡ್ರಿ ಇಲ್ಲಿ." ಎಂದು ಅಂಕಿ ತೋರಿಸಿದಳು.

ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಕನ್ನಡಕದ ತಪ್ಪಿರಲಿಲ್ಲ. ಆ ದುಡ್ಡಿನಲ್ಲಿ ನಾನು ಬಸ್ಸು ಹತ್ತಿ ಆ ಮಾರುವವನ ಊರಿಗೆ ಹೋಗಿ, ಖಾನಾವಳಿಯಲ್ಲಿ ಉಂಡು, ಅವನ ಹೆಂಡತಿಗೊಂದು ಕುಬಸದ ಖಣ ಕೊಟ್ಟು, ರೀಡನ್ನು ಕಿಸೆಯಲ್ಲಿಟ್ಟುಕೊಂಡು ಮರಳಿ ಬರಬಹುದಾಗಿತ್ತು. ಹಾಗೆ ಮಾಡುತ್ತೇನೆ ಎಂದು ಅವನಿಗೆ ಫೋನು ಮಾಡಿದೆ. ಅವನು ದಕ್ಷಿಣದ ಕಡೆಯವನು, ಬಹಳ ವಿನಯಶಾಲಿ.

"ನೇರ ಬಂದು ತಗೊಳ್ಳೋಕೆ ಆಗಲ್ಲ ಸಾರ್. ಪಾಲಿಸಿ ಇದೆ."

"ಅಲ್ಲಪಾ, ಅಂಗೈಯಾಗ ಹಿಡಿಸೂ ಮಾಲಿಗೆ ಇಷ್ಟು ಬಾಡಗಿ ಹೆಂಗ? ತೂಕ ಎಷ್ಟೈತಿ ಹೇಳು."

"ತೂಕ ಲೆಕ್ಕ ಇಲ್ಲ ಸಾರ್. ಡಬ್ಬದ ಅಳತೆ ಮೇಲೆ ಲೆಕ್ಕ. ಸೇಫ್ಟಿಗೆ ದೊಡ್ಡ ಡಬ್ಬ ಹಾಕ್ತೀವಿ."

"ದೊಡ್ಡ ಡಬ್ಬಿ ಒಳಗ ಏನಿರತೈತಿ?"

"ರೀಡು ಸಾರ್."

"ಉಳಿದ ಜಾಗದಾಗ?"

ಅವನು ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿ ಉತ್ತರಿಸಿದ. "ಗಾಳಿ ಸಾರ್."

ಜೀವಮಾನವೆಲ್ಲ ತಕ್ಕಡಿಯ ಮುಳ್ಳು ನೋಡಿ ಬದುಕಿದವನು ನಾನು. ಬೆಲ್ಲದ ಪೆಂಟೆಗೆ ಸುತ್ತಿದ ಗೋಣಿಯ ತೂಕವನ್ನೂ ಕಳೆದು ಕೊಟ್ಟಿದ್ದೇನೆ. ಗಾಳಿಗೂ ದರವಿದೆ ಎಂಬ ಜ್ಞಾನ ಇಷ್ಟು ತಡವಾಗಿ ಪ್ರಾಪ್ತವಾಯಿತು. ಮುಂಚೆಯೇ ಗೊತ್ತಿದ್ದರೆ ಮಂಡಕ್ಕಿಯ ವ್ಯಾಪಾರವೊಂದರಲ್ಲೇ ಮಾಳಿಗೆ ಕಟ್ಟಿಸುತ್ತಿದ್ದೆ. ಪೇಟಿಯೂ ಗಾಳಿಯಿಂದಲೇ ನುಡಿಯುವುದು ನಿಜ. ಆದರೆ ಅಷ್ಟು ದುಬಾರಿ ಗಾಳಿಯನ್ನು ಅಕ್ಕ ಅದಕ್ಕೆಂದೂ ಹಾಕಿದವಳಲ್ಲ.

ಚೌಕಾಸಿ ಮಾಡಿದೆ. ನಮ್ಮಲ್ಲಿ ಚೌಕಾಸಿ ಎಂದರೆ ಒಂದು ನಡಾವಳಿ: ನಾನು ಅರ್ಧ ಹೇಳಬೇಕು, ಅವನು ಹಣೆ ಬಡಿದುಕೊಳ್ಳಬೇಕು, ನಾನು ಹೊರಟಂತೆ ಮಾಡಬೇಕು, ಅವನು ಕರೆಯಬೇಕು. ನಾನು ಅರ್ಧ ಹೇಳಿದೆ, ಹೊರಟಂತೆಯೂ ಮಾಡಿದೆ, ಅಂದರೆ ಫೋನು ಇಟ್ಟೆ. ಅವನು ಕರೆಯಲಿಲ್ಲ. ಮರುದಿನ ನಾನೇ ಮಾಡಿದಾಗ ಅದೇ ವಿನಯದಿಂದ, ಮಾಲು ಮುಟ್ಟಿದ್ದಕ್ಕೆ ಬೇರೆ, ಡಬ್ಬದಲ್ಲಿ ಕಟ್ಟಿದ್ದಕ್ಕೆ ಬೇರೆ ಚಾರ್ಜು ಇರುವುದಾಗಿ ತಿಳಿಸಿದ. ಅಂಥ ರೀಡು ಬೇರೆಲ್ಲಿಯೂ ಸಿಕ್ಕಿರಲಿಲ್ಲ. ಶ್ರಾವಣ ಹತ್ತಿರ ಬರುತ್ತಿತ್ತು. ದುಡ್ಡು ಕಟ್ಟಿದೆ.

ಆಗ ಹಾನಗಲ್ಲು ದೂರದ ಪ್ರದೇಶವೆಂದೂ, ಅಲ್ಲಿಯವರೆಗೆ ಪಾರ್ಸಲು ಬಾರದೆಂದೂ, ಶಿಗ್ಗಾಂವಿಯ ಕೊರಿಯರ್ ಆಫೀಸಿನಲ್ಲಿ ಬಿಡಿಸಿಕೊಳ್ಳಬೇಕೆಂದೂ ಸಂದೇಶ ಬಂತು. ನಮ್ಮ ಊರು ಒಂದು ಕಾಲಕ್ಕೆ ಕದಂಬರ ರಾಜಧಾನಿ. ಅದಕ್ಕೂ ಹಿಂದೆ ವಿರಾಟನಗರ, ಪಾಂಡವರು ಅಜ್ಞಾತವಾಸ ಕಳೆದ ಜಾಗ ಎಂಬುದು ನಮ್ಮಲ್ಲಿ ಎಲ್ಲರೂ ನಂಬಿದ ಮಾತು. ಕೌರವರು ಹುಡುಕಿಕೊಂಡು ದನ ಹೊಡೆದುಕೊಂಡು ಹೋಗಲಾದರೂ ಬಂದರು. ಕೊರಿಯರಿನವರಿಂದ ಅಷ್ಟೂ ಆಗಲಿಲ್ಲ.

ಬಂಕಾಪುರದ ಮೇಲೆ ಹಾಯ್ದು ಶಿಗ್ಗಾಂವಿಗೆ ಹೋದೆ. ಹೆದ್ದಾರಿಯ ಪಕ್ಕ, ಟಯರಿನ ಅಂಗಡಿಯ ಮಗ್ಗುಲಲ್ಲಿ ಆಫೀಸು. ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಊಟದ ಡಬ್ಬಿ ಮುಚ್ಚಿಟ್ಟು ಪಾರ್ಸಲು ತಂದಳು. ಟಿವಿ ಹಿಡಿಸುವಂಥ ರಟ್ಟಿನ ಪೆಟ್ಟಿಗೆ. ನಾನು ಅದನ್ನು ಎತ್ತಿ ಮೆಲ್ಲಗೆ ಅಲ್ಲಾಡಿಸಿದೆ. ಒಳಗೆ ಎಲ್ಲೋ ದೂರದಲ್ಲಿ, ಬಾವಿಯಲ್ಲಿ ಬಿದ್ದ ಗೆಜ್ಜೆಯ ಹಾಗೆ, ಹಿತ್ತಾಳೆ ಕಿಣಿ ಎಂದಿತು. ಅಕ್ಕನ ಮೂರು ಸ್ವರಗಳು ನನ್ನ ಕೈಯಲ್ಲಿದ್ದವು.

"ಕಾಕಾ, ಇದು ಟು-ಪೇ ಐತಿ" ಎಂದಳು ಅವಳು.

"ಹಂಗಂದ್ರ?"

"ಕಳಿಸಿದವ್ರು ಬಾಡಗಿ ಕಟ್ಟಿಲ್ರಿ. ಬಿಡಿಸಿಕೊಳ್ಳಾವ್ರು ಕಟ್ಟಬೇಕು."

"ನಾ ಅವಗ ಕಟ್ಟೇನಲ್ಲವಾ!"

"ಅವರಿಗೆ ಕಟ್ಟೀರಿ. ನಮಗ ಬಂದಿಲ್ಲ." ಅವಳ ದನಿಯಲ್ಲಿ ನಿಜವಾದ ಮರುಕವಿತ್ತು. "ದಿನಾ ಇಬ್ರು ಮೂವರು ಹಿಂಗ ಬಂದು ನಮ್ಮನ್ನ ಬೈದು ಹೋಗ್ತಾರ್ರಿ. ನೀವೂ ಬೈರಿ ಬೇಕಾದ್ರ."

ಹೀಗೆ ಅನುಮತಿ ಕೊಟ್ಟ ಮೇಲೆ ಬೈಯುವುದಕ್ಕೆ ಆಗುವುದಿಲ್ಲ. ಕಿಸೆಗೆ ಕೈ ಹಾಕಿದೆ. ಕಟ್ಟಿಬಿಡುವುದೆಂದೇ ಇದ್ದೆ, ಆದರೆ ಮಾಲು ಸಿಕ್ಕಿತೆಂದು ಹೇಳಲು ಅಕ್ಕನಿಗೆ ಮೊದಲೇ ಫೋನು ಹಚ್ಚಿದ್ದೆ, ಮತ್ತು ಇಲ್ಲಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ತಮ್ಮಾ, ಕೊಡಬ್ಯಾಡ" ಎಂದಳು.

"ಅಕ್ಕಾ, ಮಾಲು ಕೈಯಾಗೈತಿ. ಶ್ರಾವಣ ಬಂತು."

"ಬರಲಿ. ಹಿಡದ ಸವಾಲು ಅವನೇ ಮುಟ್ಟಸಬೇಕು. ಒಮ್ಮೆ ಕೊಟ್ಟದ್ದು ಬಾಡಗಿ. ಎರಡನೇ ಸಲ ಕೊಟ್ರ ಅದು ದರೋಡಿ. ನಾ ಅದನ್ನ ಬಸವಣ್ಣನ ಮುಂದ ಬಾರಸಲೇನು? ಆ ಸ್ವರ ಒತ್ತಿದಾಗೊಮ್ಮೆ ನನಗ ಆ ಮೂಳನ ಮಾರಿ ನೆನಪಾಗತೈತಿ."

"ಅವನ ಮಾರಿ ನೀ ನೋಡೇ ಇಲ್ಲಲ್ಲ."

"ನೋಡಿಲ್ಲ ಅಂತನ ಇನ್ನೂ ಬದುಕ್ಯಾನ."

ಅವಳ ಮಾತು ಬೇರೆಲ್ಲಿಯೂ ನಡೆಯದಿದ್ದರೂ ನನ್ನ ಮುಂದೆ ಹುಟ್ಟಿದಂದಿನಿಂದ ನಡೆಯುತ್ತದೆ. ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಮರಳಿ ಇಟ್ಟೆ. ಕೌಂಟರಿನವಳು, ಹೆಚ್ಚು ದಿನ ಇಟ್ಟುಕೊಳ್ಳಲು ಬರುವುದಿಲ್ಲ, ಬಿಡಿಸಿಕೊಳ್ಳದಿದ್ದರೆ ವಾಪಸು ಹೋಗುತ್ತದೆ ಎಂದಳು. ಆದರೂ ಕಪಾಟಿನ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಸರಿಸಿಟ್ಟಳು.

ಮಾರಿದವನಿಗೆ ಫೋನು ಮಾಡಿದೆ. "ಅಯ್ಯೋ, ಮಿಸ್ಟೇಕ್ ಆಗಿದೆ ಸಾರ್, ಇವತ್ತೇ ಕಟ್ತೀನಿ" ಎಂದ. ಮರುದಿನವೂ ಇವತ್ತೇ ಎಂದ. ಅದರ ಮರುದಿನದಿಂದ ಫೋನು ಎತ್ತುವುದನ್ನು ಬಿಟ್ಟ. ಸೊಸೆ ಸವಾಲಿನವರಿಗೆ ದೂರು ಬರೆದಳು. ಕ್ಷಣ ಮಾತ್ರದಲ್ಲಿ ಉತ್ತರ ಬಂತು: ನಮ್ಮ ಬೇಸರ ಅವರಿಗೆ ಅರ್ಥವಾಗಿದೆಯಂತೆ, ಅರ್ಥ ಮಾಡಿಕೊಂಡ ರೀತಿಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದರು. ಸೊಸೆ ಒಂದು ಕೊಟ್ಟಳು. ಅದಕ್ಕೂ ಧನ್ಯವಾದ ಬಂತು.

ನಾಗರ ಅಮಾವಾಸ್ಯೆ ಬಂತು. ಮಳೆ ಹಿಡಿದು ಕೂತಿತ್ತು. ಅಕ್ಕನಿಗೆ ಫೋನು ಮಾಡಿದರೆ ಪೇಟಿಯ ಮಾತೇ ಎತ್ತುತ್ತಿರಲಿಲ್ಲ. ಪಂಚಮಿಗೆ ಯಾವ ಉಂಡಿ ಕಟ್ಟಿದೆವು, ಮೊಮ್ಮಗಳು ಜೋಕಾಲಿಯಿಂದ ಹೇಗೆ ಬಿದ್ದಳು ಎಂದು ಹೇಳುತ್ತಿದ್ದಳು. ಒಮ್ಮೆ ಮಾತ್ರ, ಎಲ್ಲ ಮಾತು ಮುಗಿದ ಮೇಲೆ, "ಆ ಡಬ್ಬಿ ಇನ್ನೂ ಶಿಗ್ಗಾಂವಿಯೊಳಗ ಐತೇನು?" ಎಂದಳು. ಇದೆ ಎಂದೆ. "ಹೂಂ" ಎಂದು ಫೋನು ಇಟ್ಟಳು.

ಆ ಹೂಂ ನನ್ನ ತಲೆಯಲ್ಲಿ ಕೂತಿತು. ಪಂಚಮಿಯ ಮರುದಿನ, ಅಂಗಡಿಗೆ ಮಾಲು ನೋಡಿಬರುವುದಾಗಿ ಮನೆಯಲ್ಲಿ ಸುಳ್ಳು ಹೇಳಿ ಬಸ್ಸು ಹತ್ತಿದೆ. ಎರಡನೆಯ ಬಾಡಿಗೆ ಕಟ್ಟಿಬಿಡುವುದು, ಮಾರಿದವನೇ ಕಟ್ಟಿದನೆಂದು ಅಕ್ಕನಿಗೆ ಹೇಳುವುದು, ಅಲ್ಲಿಂದಲೇ ಹಿರೇಕೆರೂರಿಗೆ ಹೋಗುವುದು. ಸೋಮವಾರದೊಳಗೆ ಕೂಡಿಸಿಕೊಡುತ್ತೇನೆ ಎಂದು ರಿಪೇರಿಯವನು ಫೋನಿನಲ್ಲಿ ಒಪ್ಪಿದ್ದ. ದಾರಿಯುದ್ದಕ್ಕೂ ಆ ಸುಳ್ಳನ್ನು ಅಕ್ಕ ನಂಬುವಂತೆ ಹೇಗೆ ಹೇಳಬೇಕೆಂದು ಯೋಚಿಸಿ, ಒಂದು ಚೆಂದದ ಕತೆಯನ್ನೇ ಕಟ್ಟಿದ್ದೆ.

ಕೌಂಟರಿನವಳು ನನ್ನನ್ನು ನೋಡಿದವಳೇ ಎದ್ದು ನಿಂತಳು.

"ಕಾಕಾ, ನಿನ್ನೆ ಸಾಹೇಬರು ಬಂದಿದ್ರು. ಕಪಾಟಿನ ಹಿಂದಿಂದು ಎಲ್ಲಾ ತೆಗಿಸಿದ್ರು. ನಿಮ್ಮದು ಗಾಡಿಗೆ ಹೋತು."

"ಎಲ್ಲಿಗೆ?"

"ಎಲ್ಲಿಂದ ಬಂದಿತ್ತೋ ಅಲ್ಲಿಗೆ."

ಒಂದು ಲೋಟ ನೀರು ಕೊಟ್ಟಳು. ಕುಡಿದೆ. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವುಗಳಲ್ಲಿ ಅರ್ಧ ಗಾಳಿಯೇ ಇರಬೇಕು ಎನಿಸಿತು.

ಶ್ರಾವಣದ ಮೊದಲ ಸೋಮವಾರ ಸವಣೂರಿಗೆ ಹೋದೆ. ನಾನು ಏನೂ ಹೇಳಬೇಕಾಗಿರಲಿಲ್ಲ. ಬರಿಗೈಯಲ್ಲಿ ಬಂದವನನ್ನು ಅಕ್ಕ ಅಡಿಯಿಂದ ಮುಡಿಯವರೆಗೆ ನೋಡಿ, "ಚಾ ಕುಡಿ. ಹೊತ್ತಾತು, ಗುಡಿಗೆ ಹೋಗೂಣು" ಎಂದಳು.

ಗುಡಿಯ ಎಡಗಡೆಯ ಕಂಬದ ಬುಡದಲ್ಲಿ, ಅವಳು ಕೂಡುತ್ತಿದ್ದ ಜಾಗದಲ್ಲಿಯೇ, ಹೂವಿನ ಹಾರ ಹಾಕಿಸಿಕೊಂಡು ಸ್ಪೀಕರು ನಿಂತಿತ್ತು. ಪ್ಲಗ್ಗು ಇರುವುದು ಅಲ್ಲಿಯೇ ಆದ್ದರಿಂದ ಯಾರನ್ನೂ ಆಕ್ಷೇಪಿಸುವಂತಿರಲಿಲ್ಲ. ಕಮಿಟಿಯ ಹಿರಿಯರು ಓಡಿಬಂದು ಅಕ್ಕನಿಗೆ ಜಮಖಾನೆಯ ಮೇಲೆ ಜಾಗ ಮಾಡಿಕೊಟ್ಟರು.

"ಬರ್ರಿ ಅಕ್ಕಾರ, ಕುಂದರ್ರಿ. ಇನ್ನ ನಿಮಗ ಏನೂ ತ್ರಾಸ ಇಲ್ಲ. ಆರಾಮ ಕುಂತು ಕೇಳ್ರಿ."

ಅವರ ಮನಸ್ಸಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅಕ್ಕ ಉತ್ತರ ಕೊಡುತ್ತಿದ್ದಳು.

ಯಾರದೋ ಫೋನಿನಿಂದ ಭಜನೆ ಹಚ್ಚಿದರು. ದನಿ ದೊಡ್ಡದು, ಸ್ವರ ಒಂದೂ ತಪ್ಪಲಿಲ್ಲ, ಪೇಟಿಯೂ ಅದರಲ್ಲಿ ಚೆನ್ನಾಗಿಯೇ ಬಾರಿಸಿದ್ದರು. ಎರಡನೆಯ ಹಾಡಿನ ನಡುವೆ ಭಜನೆ ನಿಂತು, ಒಬ್ಬ ಹೆಂಗಸು ನಿಂತ ಕಾಲಿನಲ್ಲಿ ಸಾಲ ಕೊಡುವುದಾಗಿ ಉತ್ಸಾಹದಿಂದ ಹೇಳತೊಡಗಿದಳು. ಜನ ಕೈ ಮುಗಿದುಕೊಂಡೇ ಕಾದರು. ಅಕ್ಕನೂ ಕೈ ಮುಗಿದುಕೊಂಡೇ ಇದ್ದಳು. ಜಾಹೀರಾತು ಮುಗಿದು ಹಾಡು ಮತ್ತೆ ಹತ್ತಿಕೊಂಡಿತು. ಅವಳು ಹಾಡಲಿಲ್ಲ. ಗಂಟಲಿನಿಂದ ತುಂಬಿಕೊಡಬೇಕಾದ ಸ್ವರ ಅಲ್ಲಿ ಯಾವುದೂ ಉಳಿದಿರಲಿಲ್ಲ.

ಮನೆಗೆ ಬರುವಾಗ ಓಣಿಯ ಕೆಸರಿನಲ್ಲಿ ಸೆರಗು ಎತ್ತಿ ಹಿಡಿದುಕೊಂಡು ಮುಂದೆ ನಡೆಯುತ್ತಿದ್ದವಳು ತಿರುಗದೆಯೇ ಕೇಳಿದಳು: "ನೀ ಪಂಚಮಿ ಮರುದಿನ ಶಿಗ್ಗಾಂವಿಗೆ ಹೋಗಿದ್ದಿ ಹೌದಿಲ್ಲೋ?"

ನಮ್ಮ ಸೊಸೆ ಹೇಳಿರಬೇಕು. ನನ್ನ ಸುಳ್ಳನ್ನು ಅವಳು ನಂಬಿರಲಿಲ್ಲ, ಪಾರ್ಸಲು ಹಿಂದಿನ ದಿನವೇ ವಾಪಸು ಹೋದ ಸಂದೇಶವೂ ಅವಳ ಫೋನಿಗೆ ಬಂದಿತ್ತು. ಕಟ್ಟಿಕೊಂಡ ಕತೆ ನನ್ನ ಬಳಿ ಇನ್ನೂ ಹಾಗೆಯೇ ಇತ್ತು. ಹೌದು ಎಂದೆ.

"ಒಂದಿನ ಮುಂಚೆ ಹೋಗಬೇಕಿತ್ತಲ್ಲೋ" ಎಂದಳು. ಆಮೇಲೆ, ನಾಲ್ಕು ಹೆಜ್ಜೆ ನಡೆದ ಮೇಲೆ, "ನಾನೂ ಬ್ಯಾಡ ಅನಬಾರದಿತ್ತು" ಎಂದಳು. ಹೊರಡುವಾಗ ನನ್ನ ಚೀಲದಲ್ಲಿ ಸವಣೂರು ಖಾರ, ಎಳೆಯ ವೀಳ್ಯದೆಲೆಯ ಕಟ್ಟು ತುರುಕಿದಳು. ಬಸ್ಸಿನವನು ಅದಕ್ಕೆ ಏನೂ ಕೇಳಲಿಲ್ಲ.

ಶ್ರಾವಣ ಕಳೆದ ಮೇಲೆ ಸೊಸೆ ಮತ್ತೆ ಫೋನು ಹಿಡಿದುಕೊಂಡು ಬಂದಳು. ಅದೇ ರೀಡು, ಅದೇ ಚಿತ್ರ. ಹೊಸ ಸವಾಲು, ಒಂದು ರೂಪಾಯಿಯಿಂದ ಶುರು. ಕೆಳಗೆ ಸಣ್ಣ ಅಕ್ಷರದಲ್ಲಿ, ಸಾಗಾಟ ಪ್ರತ್ಯೇಕ.

"ಹಿಡೀಲೇನ್ರಿ ಮಾವಾರ?"

ನಾನು ಅಕ್ಕನಿಗೆ ಫೋನು ಹಚ್ಚಿ ಕೇಳಿದೆ. ಅವಳು, ಶ್ರಾವಣ ಮುಗಿಯಿತಲ್ಲ, ಇನ್ನು ಯಾಕೆ ಎಂದಳು.

ರೀಡುಗಳನ್ನು ಬೇರೆ ಯಾರೋ ಹಿಡಿದರು. ನಾನು ಕಟ್ಟಿದ ಸಾಗಾಟದ ಹಣ ಮರಳಿ ಬರಲಿಲ್ಲ. ಪೇಟಿ ಹಿರೇಕೆರೂರಿನಲ್ಲಿ, ಮಿಕ್ಸರುಗಳ ನಡುವೆ ಇದೆ.